ಕಂಠಮಟ್ಟ ತುಂಬಿದ ಸೀಸೆ

ಹೊನ್ನಾಳಿ
12-2-1939

ಅಕ್ಕಾ,

ನಿನ್ನ ತಮ್ಮ ಈಗ ಸಾಹೇಬ. ನಗಬೇಡ. ‘ಆರೋಗ್ಯ ಇನ್‌ಸ್ಪೆಕ್ಟರ್ ನಾಗೇಂದ್ರಪ್ಪ’ ಅಂತ ಬಾಗಿಲಿಗೆ ಬೋರ್ಡು ತೂಗುಹಾಕಿದ್ದಾರೆ. ದುರುಗಪ್ಪ ಅಂತ ಒಬ್ಬ ಜವಾನ, ಒಂದು ಸೈಕಲ್ಲು, ಒಂದು ಪೆಟ್ಟಿಗೆ ತುಂಬ ಅಗಲ ಬಾಯಿಯ ಗಾಜಿನ ಸೀಸೆಗಳು. ಇಷ್ಟು ನನ್ನ ಸಾಮ್ರಾಜ್ಯ.

ಕಲಬೆರಕೆ ಕಾಯಿದೆ ಅಂತ ಹೊಸದು ಬಂದಿದೆಯಲ್ಲ, ಹಾಲಿಗೆ ನೀರು ಹಾಕುವವರನ್ನು ಹಿಡಿಯುವ ಕೆಲಸ ಅಂದುಕೊಂಡು ನಾನು ಸೇರಿದ್ದು. ಇಲ್ಲಿಗೆ ಬಂದ ಮೇಲೆ ಹುಕುಂ ಏನು ಗೊತ್ತೇ? ಗಟ್ಟದ ಕೆಳಗಿನಿಂದ ಬರುವ ಒಣಮೀನು, ಒಣಸೀಗಡಿಗೆ ಮರಳು, ಸೌಳು ಮಣ್ಣು ಬೆರೆಸಿ ಸಂತೆಯಲ್ಲಿ ಮಾರುತ್ತಾರಂತೆ, ಮೊದಲು ಅವರನ್ನು ಹಿಡಿ ಅಂತ. ಅಯ್ಯೋ ಶಿವನೇ! ಹುಟ್ಟಿದ ದಿನವೇ ಲಿಂಗ ಕಟ್ಟಿಸಿಕೊಂಡ ನಾನು ಮೀನಿನ ಬುಟ್ಟಿಗೆ ಕೈ ಹಾಕುವುದೇ?

ಅದಕ್ಕೆ ಉಪಾಯ ಮಾಡಿದ್ದೇನೆ. ನಾನು ಗಾಳಿ ಬರುವ ಕಡೆಗೆ, ಒಂದು ಇಪ್ಪತ್ತು ಮಾರು ದೂರ, ಮರದ ಕೆಳಗೆ ಮೂಗಿಗೆ ವಸ್ತ್ರ ಕಟ್ಟಿಕೊಂಡು ಬೆನ್ನು ತಿರುಗಿಸಿ ನಿಲ್ಲುತ್ತೇನೆ. ದುರುಗಪ್ಪ ಬುಟ್ಟಿಗೆ ಕೈ ಹಾಕಿ ಮೂರು ಸೀಸೆ ತುಂಬುತ್ತಾನೆ. ಸೀಸೆ ಅರ್ಧ ಇದ್ದರೆ ಬೆಂಗಳೂರಿನವರು ವಾಪಸು ಕಳಿಸುತ್ತಾರೆ, ಅದಕ್ಕೆ ನಾನು ನಿಂತಲ್ಲಿಂದಲೇ “ಕಂಠಮಟ್ಟ ತುಂಬೋ!” ಅಂತ ಕೂಗುತ್ತೇನೆ. ಬಿರಡೆ ಹಾಕಿ ತಂದ ಮೇಲೆ ನಾನು ಅರಗು ಕಾಯಿಸಿ ಮೊಹರು ಒತ್ತಿ, ‘ನನ್ನ ಸಮಕ್ಷಮದಲ್ಲಿ, ನಾನು ಕಣ್ಣಾರೆ ಕಂಡಂತೆ ತುಂಬಿದ್ದು’ ಅಂತ ರುಜು ಹಾಕುತ್ತೇನೆ. ಒಂದು ಸೀಸೆ ಬೆಂಗಳೂರಿಗೆ, ಒಂದು ನಮ್ಮ ಕಚೇರಿಗೆ, ಒಂದು ಮಾರುವವನಿಗೇ. ನಾಳೆ ನಾವು ಮೋಸ ಮಾಡಿದೆವು ಅಂತ ಅವನು ಹೇಳಬಾರದಲ್ಲ! ಇದುವರೆಗೆ ಒಂಬತ್ತು ಸಂತೆ ಆಯಿತು, ಒಂದು ಮೀನಿನ ಮುಖವನ್ನೂ ನಾನು ನೋಡಿಲ್ಲ.

ನಿನ್ನ ಸ್ಕೂಲು ಹೇಗಿದೆ? ಹುಡುಗಿಯರಿಗೆ ನನಗೆ ಹೊಡೆದ ಹಾಗೆ ಹೊಡೆಯಬೇಡ.

ನಿನ್ನ ನಾಗೇಂದ್ರ

*

ಜಗಳೂರು
19-2-1939

ನಾಗೇಂದ್ರಾ,

ನಿನ್ನ ಕಾಗದ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಕೊನೆಗೆ ಸ್ವಲ್ಪ ಸಿಟ್ಟೂ ಬಂತು. ಮಗ್ಗಿ ಹೇಳುವಾಗಲೂ ನೀನು ಹೀಗೇ ಪಕ್ಕದವನ ಬಾಯಿ ನೋಡಿ ತುಟಿ ಅಲ್ಲಾಡಿಸುತ್ತಿದ್ದೆ. ಕಣ್ಣಾರೆ ಕಂಡೆ ಅಂತ ಬರೆಯುವವನು ಕಾಣಬೇಕಪ್ಪಾ. ಅಷ್ಟು ಅಸಹ್ಯವಾದರೆ ಮನೆಗೆ ಬಂದು ಸ್ನಾನ ಮಾಡಿ ಲಿಂಗಪೂಜೆ ಮಾಡಿಕೋ, ಶಿವ ಬೇಡ ಅನ್ನುವುದಿಲ್ಲ.

ನಮ್ಮ ಗೋಡೆಯಾಚೆಯ ತಾಜ್‌ಬೀ ನೆನಪಿದೆಯೇ? ಹೋದ ವರ್ಷ ನನಗೆ ವಿಷಮಜ್ವರ ಬಂದಾಗ, ನಮ್ಮವರು ಯಾರೂ ಹೊಸಿಲು ದಾಟದಿದ್ದಾಗ, ಹದಿನೆಂಟು ದಿನ ಗಂಜಿ ಕುಡಿಸಿದವಳು. ಅವಳ ಗಂಡ ಬುಡನ್‌ಸಾಬ್ ಸಂತೆಯಿಂದ ಸಂತೆಗೆ ಒಣಸೀಗಡಿ ಮಾರುತ್ತಾನೆ. ಜಗಳೂರು, ಬಸವಾಪಟ್ಟಣ, ನಿಮ್ಮ ನ್ಯಾಮತಿ, ಎಲ್ಲಾ ಕಡೆ. ಮಾರುವ ಮೊದಲು ಅಂಗಳದಲ್ಲಿ ಚಾಪೆ ಹಾಸಿ, ಮರಳು ಒಂದು ಕಾಳಿಲ್ಲದ ಹಾಗೆ ಕೇರಿ ಆರಿಸುತ್ತಾನೆ. ನನಗೂ ವಾಸನೆ ಆಗುವುದಿಲ್ಲ ಕಣೋ, ಕಿಟಕಿ ಮುಚ್ಚಿಕೊಳ್ಳುತ್ತೇನೆ. ಆದರೆ ಮನುಷ್ಯ ಚಿನ್ನ.

ನೀನು ಅಲ್ಲಿ ಇನ್‌ಸ್ಪೆಕ್ಟರ್ ಅಂತ ಹೇಳಿದೆ. “ಹಂಗಾರೆ ನಂಗೇನ್ ಭಯ ಐತ್ರೀ ಮೇಷ್ಟ್ರಮ್ಮ? ಕಳ್ಳರನ್ನ ಹಿಡಿಯಾಕೆ ನಮ್ಮೋರೇ ಬಂದಂಗಾತು” ಅಂದ. ಸಂತೆಯಲ್ಲಿ ಸಿಕ್ಕರೆ ಮುಖ ತಿರುಗಿಸಬೇಡ. ಒಂದು ಮಾತು ಆಡಿಸು.

ಅಕ್ಕ ಶಂಕರಮ್ಮ

*

ಹೊನ್ನಾಳಿ
10-3-1939

ಅಕ್ಕಾ,

ತಡವಾಯಿತು. ಇಲ್ಲಿ ಆದದ್ದು ನಿನ್ನ ಕಿವಿಗೆ ಹೇಗೆ ಹೇಗೋ ಬೀಳುವ ಮೊದಲು ನಾನೇ ಬರೆಯುತ್ತೇನೆ.

ಗೋವಿನಕೋವಿಯಲ್ಲಿ ಒಂದೇ ದಿನ ನಾಲ್ಕು ಹೆಣ ಬಿದ್ದವು. ನ್ಯಾಮತಿ ಸಂತೆಯಿಂದ ತಂದ ಸೀಗಡಿ ಸಾರು ಉಂಡವರು. ಮಲ್ಲೇಶಪ್ಪ ಅನ್ನುವ ರೈತನ ಹೆಂಡತಿ, ಇಬ್ಬರು ಮಕ್ಕಳು, ಮುದುಕಿ ತಾಯಿ. ಗದ್ದೆಯಿಂದ ಬರುವುದು ತಡವಾದ ಕಾರಣ ಅವನೊಬ್ಬ ಉಳಿದ. ವಾಂತಿ ಮಾಡಿ ಮಾಡಿ ರಕ್ತ ಬಂದು ಸತ್ತರಂತೆ. ಮುಂದಿನ ಸಂತೆಗೆ ಅವನು ಊರವರನ್ನೆಲ್ಲ ಕಟ್ಟಿಕೊಂಡು ದೊಣ್ಣೆ ಹಿಡಿದು ಬಂದ. ಯಾರ ಹತ್ತಿರ ಕೊಂಡಿದ್ದು ಅಂದರೆ ಅವನಿಗೆ ಗೊತ್ತಿಲ್ಲ. ಕೊಂಡವಳು ಹೆಂಡತಿ, ಅವಳು ಮಣ್ಣಾದಳು. ನಮ್ಮೂರವರು ಯಾವಾಗಲೂ ತಗೊಳ್ಳುವುದು ಇವನ ಹತ್ತಿರ ಅಂತ ಒಬ್ಬನನ್ನು ತೋರಿಸಿದರು.

ನಾನು ಕಾನೂನಿನ ಪ್ರಕಾರ ಆ ಮನುಷ್ಯನ ಮಾಲು ಮೂರು ಸೀಸೆ ತೆಗೆಸಿದೆ. ಅವನ ಪಾಲಿನ ಸೀಸೆ ಅವನಿಗೆ ಕೊಟ್ಟೆ. ಅಕ್ಕಾ, ಕೆಂಪು ಅರಗು ಬಿದ್ದದ್ದೇ ತಡ, ಜನ ಅದನ್ನೇ ತೀರ್ಪು ಅಂದುಕೊಂಡರು. “ಸರ್ಕಾರ ಮೊಹರು ಒತ್ತೇತಿ, ಇವನೇ ವಿಷ ಹಾಕ್ದೋನು!” ಅಂತ ಕೂಗು ಎದ್ದಿತು. ಪರೀಕ್ಷೆ ಆಗಬೇಕು, ಬೆಂಗಳೂರಿಗೆ ಹೋಗಬೇಕು ಅಂತ ನಾನು ಗಂಟಲು ಹರಿಯುವಷ್ಟು ಕೂಗಿದೆ. ಯಾರು ಕೇಳುತ್ತಾರೆ?

ಆಗ ಅವನೇ ತನ್ನ ಸೀಸೆಯ ಮೊಹರು ಒಡೆದ. “ನನ್ನ ಮಾಲು ನಾನೇ ತಿಂತೀನಿ, ನೋಡ್ರಿ!” ಅಂತ ಹಿಡಿ ಹಿಡಿಯಾಗಿ ಬಾಯಿಗೆ ತುಂಬಿಕೊಂಡು ಅಗಿದ. ಜನ ಸುತ್ತ ನಿಂತು ನೋಡಿದರು. ಸ್ವಲ್ಪ ಹೊತ್ತು ಏನೂ ಇಲ್ಲ. ಅವನು ನಕ್ಕಿದ್ದೂ ಕಂಡಿತು. ಆಮೇಲೆ ಹೊಟ್ಟೆ ಹಿಡಿದುಕೊಂಡು ಕುಕ್ಕರಿಸಿದ, ವಾಂತಿ ಮಾಡಿದ. ಅಷ್ಟೇ ಸಾಕಾಯಿತು. ಮಲ್ಲೇಶಪ್ಪನ ಮೊದಲ ಏಟು ಕಿವಿಯ ಮೇಲೆ ಬಿತ್ತು. ಬಿದ್ದವನ ಕೈಗಳನ್ನು ಇಬ್ಬರು ನೆಲಕ್ಕೆ ಒತ್ತಿ ಹಿಡಿದರು, ಇನ್ನೊಬ್ಬ ಅವನದೇ ತೂಕದ ಕಲ್ಲು ಎತ್ತಿ ಒಂದೊಂದೇ ಬೆರಳು ಜಜ್ಜಿದ. ವಿಷ ಹಾಕಿದ ಕೈ ಅಂತ. ಪೊಲೀಸರು ಬರುವ ಹೊತ್ತಿಗೆ ಉಸಿರಿತ್ತು. ಗಾಡಿಯಲ್ಲಿ ಹೊನ್ನಾಳಿ ಮುಟ್ಟುವ ಮೊದಲೇ ಹೋಯಿತು.

ಪಾಪ ಅನ್ನಿಸುತ್ತದೆ. ಆದರೆ ತನ್ನ ವಿಷ ತಾನೇ ತಿಂದ, ನಾನೇನು ಮಾಡಲಿ? ನನ್ನ ಕಡೆಯಿಂದ ಒಂದು ಅಕ್ಷರ ತಪ್ಪಿಲ್ಲ.

ನಾಗೇಂದ್ರ

*

ಜಗಳೂರು
13-3-1939

ನಾಗೇಂದ್ರಾ,

ಹೆಸರು ಯಾಕೆ ಬರೆಯಲಿಲ್ಲ?

ನಿನ್ನ ಕಾಗದಕ್ಕಿಂತ ಗಾಡಿ ಮುಂಚೆ ಬಂತು. ಮೇಲೆ ಹೊದಿಸಿದ್ದ ಗೋಣಿತಾಟು ತಾಜ್‌ಬೀಯೇ ತೆಗೆದಳು. ಮುಖ ನೋಡಿ ಅವಳು ಅಳಲಿಲ್ಲ, ಕೈ ನೋಡಿ ಕಿರುಚಿದಳು. ಬೆರಳು ಅಂತ ಹೇಳುವ ಹಾಗೇ ಇರಲಿಲ್ಲ ಕಣೋ. ಸ್ನಾನ ಮಾಡಿಸುವವರು ಆ ಎರಡೂ ಕೈಗಳನ್ನು ಬಿಳಿ ಬಟ್ಟೆಯಲ್ಲಿ ಬೇರೆಯಾಗಿ ಸುತ್ತಿದರು. ಜಗಳೂರಲ್ಲಿ ಮಣ್ಣಿಗೆ ಹೋದವರು ಏಳೇ ಜನ. ವಿಷ ಮಾರಿದವನ ಹೆಣ ಅಂತ ಉಳಿದವರು ಬಾಗಿಲು ಹಾಕಿಕೊಂಡರು.

ನಿನ್ನನ್ನು ನಾನು ಬೈಯುತ್ತಿಲ್ಲ. ಒಂದು ಮಾತು ಕೇಳುತ್ತೇನೆ. ಬುಡನ್‌ಸಾಬ್ ಗಟ್ಟದ ಕೆಳಗಿನಿಂದ ತಂದದ್ದು ಎರಡು ಮೂಟೆ. ಒಂದು ನ್ಯಾಮತಿಗೆ ಒಯ್ದ, ಇನ್ನೊಂದು ಮನೆಯ ಅಟ್ಟದಲ್ಲಿದೆ. ತಾಜ್‌ಬೀ, ಮಗಳು ಸುಗ್ರಾ, ತಾಜ್‌ಬೀಯ ತಮ್ಮ ಚಾಂದ್, ಮೂವರೂ ಹದಿನೈದು ದಿನದಿಂದ ಅದನ್ನೇ ತಿಂದಿದ್ದಾರೆ. ಒಬ್ಬರಿಗೆ ತಲೆನೋವೂ ಬಂದಿಲ್ಲ. ಹಾಗಾದರೆ ಆ ಸೀಸೆಯೊಳಗೆ ಇದ್ದದ್ದು ಏನು?

ನೀನು ಅವತ್ತು ಬುಟ್ಟಿಯೊಳಗೆ ನೋಡಿದೆಯಾ? ಹೌದು ಅಥವಾ ಇಲ್ಲ ಅಂತ ಬರೆ.

ಅಕ್ಕ

*

ಹೊನ್ನಾಳಿ
28-3-1939

ಅಕ್ಕನವರಿಗೆ,

ಬೆಂಗಳೂರಿನಿಂದ ವರದಿ ಬಂದಿದೆ. ಸೀಸೆಯ ಸೀಗಡಿಗೆ ಪಾಷಾಣ ಬೆರೆತಿದೆ. ಒಣತೊಗಲಿಗೆ ಹುಳು ಬೀಳದಿರಲಿ ಅಂತ ಸವರುವ ಬಿಳಿ ಪುಡಿಯೇ ಅದು. ಮೀನಿಗೂ ಹುಳು ಬೀಳಬಾರದು ಅಂತ ಮಾರುವವರು ಉದುರಿಸಿದ್ದಾರೆ. ಉಪ್ಪಿನ ಹೂವಿನ ಹಾಗೆ ಕಾಣುತ್ತದೆ, ತಿಳಿಯುವುದಿಲ್ಲ. ಮೈಸೂರು ಸೀಮೆಯಲ್ಲೇ ಇಂಥ ಮೊಕದ್ದಮೆ ಅಪರೂಪ ಅಂತ ಮೇಲಿನವರು ಶಾಭಾಸ್‌ಗಿರಿ ಪತ್ರ ಕಳಿಸಿದ್ದಾರೆ.

ಸತ್ತವನ ಮೇಲೆ ಮೊಕದ್ದಮೆ ನಡೆಯುವುದಿಲ್ಲವಾದ್ದರಿಂದ ಅವನ ವ್ಯಾಪಾರದ ಪಾಲುದಾರ ಚಾಂದ್‌ನನ್ನು ಹಿಡಿದು ತಂದಿದ್ದಾರೆ. ಅವನು ಒಪ್ಪಿಕೊಳ್ಳುತ್ತಿಲ್ಲ. ಅಂಗಾಲಿಗೆ ಹೊಡೆಯುವ ಸದ್ದು ನನ್ನ ಕಚೇರಿಗೆ ಕೇಳುತ್ತದೆ. ಅದು ಪೊಲೀಸರ ಕೆಲಸ, ನನ್ನದಲ್ಲ. ಚನ್ನಗಿರಿಯಲ್ಲಿ ಮ್ಯಾಜಿಸ್ಟ್ರೇಟರು ಕ್ಯಾಂಪ್ ಮಾಡಿದಾಗ ವಿಚಾರಣೆ. ನಾಲ್ಕು ಜೀವದ ಮಾತು, ಅವನು ಹೊರಗೆ ಬರುವುದು ಕಷ್ಟ.

ಅಟ್ಟದ ಮೂಟೆ ಬೇರೆ, ಸಂತೆಯ ಮೂಟೆ ಬೇರೆ ಇರಬಹುದು. ನೀನು ಮೇಷ್ಟ್ರಮ್ಮ, ನಿನ್ನ ಕೆಲಸ ನೋಡಿಕೋ. ಆ ಮನೆಗೆ ಹೋಗುವುದು ಬರುವುದು ಬಿಡು. ನಾಳೆ ಸಾಕ್ಷಿಯ ಅಕ್ಕನೇ ಆರೋಪಿಯ ಮನೆಯಲ್ಲಿ ಅಂತ ವಕೀಲರು ಎತ್ತಿದರೆ ನನ್ನ ಗತಿ ಏನು?

ನಾಗೇಂದ್ರಪ್ಪ

*

ಜಗಳೂರು
5-4-1939

ನಾಗೇಂದ್ರಾ,

ಅಕ್ಷರ ನನ್ನದಲ್ಲ ಅಂತ ಬೆಚ್ಚಬೇಡ. ನಾನು ಹೇಳುತ್ತಿದ್ದೇನೆ, ಬರೆಯುತ್ತಿರುವವಳು ಬುಡನ್‌ಸಾಬನ ಮಗಳು ಸುಗ್ರಾ. ನನ್ನ ಸ್ಕೂಲಿನಲ್ಲೇ ಕಲಿತವಳು. ನನ್ನ ಬಲಗೈ ಮುರಿದಿದೆ.

ಹೋದ ವಾರ ಬಿಳಿಚೋಡಿನಲ್ಲಿ ಗಿಡ್ಡಮ್ಮ ಅನ್ನುವ ಕುರಿಗಾರ ಹೆಣ್ಣುಮಗಳು ಸತ್ತಳು, ಅವಳ ಸೊಸೆಯೂ ಸತ್ತಳು, ಬಸುರಿ. ಸೀಗಡಿ ಸಾರು. ನೀವು ಹಾಕಿದ ಮೊಕದ್ದಮೆ ಊರೂರಿಗೆ ಗೊತ್ತಲ್ಲ, ಜನ ನೆಟ್ಟಗೆ ತಾಜ್‌ಬೀಯ ಮನೆಗೇ ಬಂದರು. ಮಟಮಟ ಮಧ್ಯಾಹ್ನ, ಸುಮಾರು ನೂರು ಜನ. ಬಾಗಿಲು ಒದ್ದು ಮುರಿದರು, ಅಟ್ಟದ ಮೂಟೆ ಎಳೆದು ಬೀದಿಗೆ ಸುರಿದು ಬೆಂಕಿ ಇಟ್ಟರು. ತಾಜ್‌ಬೀಯ ಜಡೆ ಹಿಡಿದು ಆ ಬೆಂಕಿಯ ಕಡೆಗೆ ಎಳೆಯುತ್ತಿದ್ದರು. ನಾನು ಅಡ್ಡ ಹೋದೆ. ಕೊರಳ ಲಿಂಗ ತೋರಿಸಿ “ನನ್ನ ದಾಟಿ ಹೋಗ್ರೋ” ಅಂದೆ. ದಾಟಲಿಲ್ಲ, ಹೊಡೆದರು. ನಾನು ಅ ಆ ತಿದ್ದಿಸಿದ ಹುಡುಗಿಯೊಬ್ಬಳ ಅಪ್ಪನೇ ಒನಕೆ ಬೀಸಿದವನು. ತಾಜ್‌ಬೀಯ ಬೆನ್ನು, ಒಂದು ಕಿವಿ ಸುಟ್ಟಿದೆ. ಬದುಕಿದ್ದಾಳೆ.

ಈಗ ಕೇಳು. ಗಿಡ್ಡಮ್ಮನ ಗಂಡ ಚಿಕ್ಕಹನುಮಂತಪ್ಪ ಮೂರನೆಯ ದಿನ ನನ್ನ ಹತ್ತಿರ ಬಂದ. ಅವನು ಹೇಳಿದ್ದು: “ಮೇಷ್ಟ್ರಮ್ಮ, ತಪ್ಪಾತು. ಸೀಗಡಿ ತಂದೋನು ನಾನೇ. ನ್ಯಾಮತಿ ಜಂಪಣ್ಣನ ಗಾಡಿಯಾಗೆ ಕೊಂಡಿದ್ದು. ಜನ ಸಾಬರ ಮನೆ ಅಂತ ಕೂಗಿದ್ರು, ನಾನೂ ಕೂಗ್ದೆ.” ಆ ಜಂಪಣ್ಣನಿಗೆ ನ್ಯಾಮತಿಯಲ್ಲಿ ತೊಗಲು ಮಂಡಿಯೂ ಇದೆಯಂತೆ, ಒಣಮೀನಿನ ಮಂಡಿಯೂ ಇದೆಯಂತೆ. ಎರಡಕ್ಕೂ ಒಂದೇ ಕೋಣೆಯಂತೆ. ಇದು ನಿನಗೆ ಗೊತ್ತಿಲ್ಲವೇ?

ಬುಡನ್‌ಸಾಬ್ ಗೋರಿಯಲ್ಲಿದ್ದಾನೆ, ಚಾಂದ್ ಲಾಕಪ್ಪಿನಲ್ಲಿದ್ದಾನೆ. ಬಿಳಿಚೋಡಿನವರಿಗೆ ವಿಷ ಮಾರಿದವರು ಯಾರು? ಹೋಗಿ ದುರುಗಪ್ಪನನ್ನು ಕೇಳು.

ಅಕ್ಕ

(ಇದು ಮೇಷ್ಟ್ರಮ್ಮ ಹೇಳಿದ್ದಲ್ಲ, ನಾನೇ ಬರೆದದ್ದು. ಚಾಂದ್ ಮಾಮನಿಗೆ ಹೊಡೀಬ್ಯಾಡ ಅಂತ ಪೊಲೀಸರಿಗೆ ಹೇಳ್ರಿ. ಸುಗ್ರಾ.)

*

ಹೊನ್ನಾಳಿ
9-4-1939

ಅಕ್ಕಾ,

ನಿನ್ನ ಕೈ ಹೇಗಿದೆ? ಆ ಹುಡುಗಿಯ ಅಕ್ಷರ ನಿನ್ನ ಅಕ್ಷರದ ಹಾಗೇ ಇದೆ. ನಾನು ಆ ಕಾಗದವನ್ನು ಎರಡು ದಿನ ಒಡೆದು ನೋಡಲೇ ಇಲ್ಲ, ಆಮೇಲೆ ಓದಿದೆ.

ದುರುಗಪ್ಪನನ್ನು ಕೇಳಿದೆ. ಅವನು ಏನೂ ಮುಚ್ಚಿಡಲಿಲ್ಲ, ಮುಚ್ಚಿಡುವಂಥದ್ದು ಇದೆ ಅಂತಲೇ ಅವನಿಗೆ ಗೊತ್ತಿರಲಿಲ್ಲ. “ಸಾಬರ ಬುಟ್ಟಿಯಾಗೆ ಮಾಲು ಖಾಲಿ ಆಗಿತ್ರೀ ಸಾಯಾಬ್ರೇ. ತಳದಾಗೆ ಮೂರು ಹಿಡಿ ಇತ್ತು, ಸೀಸೆಗೆ ಒಂದೊಂದು ಹಿಡಿ ಹಾಕ್ದೆ. ನೀವು ಅಲ್ಲಿಂದ ಕಂಠಮಟ್ಟ ತುಂಬೋ ಅಂತ ಕೂಗಿದ್ರಿ. ಪಕ್ಕದಾಗೆ ಜಂಪಣ್ಣನ ಆಳಿನ ರಾಶಿ ಇತ್ತು, ಅದ್ರಾಗೆ ತುಂಬ್ದೆ. ಅದೂ ಸೀಗಡಿ, ಇದೂ ಸೀಗಡಿ. ಯಾಕ್ರೀ, ತಪ್ಪಾತೇನು?” ಅಂದ. ಅವನ ಕೆನ್ನೆಗೆ ಹೊಡೆದೆ. ಹೊಡೆದ ಮೇಲೂ ಅವನು ಅದೇ ಕೇಳಿದ.

ಕಚೇರಿಯ ಬೀರುವಿನಲ್ಲಿರುವ ಸೀಸೆಯನ್ನು ತೆಗೆದು ಬೆಳಕಿಗೆ ಹಿಡಿದು ನೋಡಿದೆ. ಇದೇ ಮೊದಲು ನೋಡಿದ್ದು. ಕೆಳಗೆ ಒಂದು ಹಿಡಿ ಕೆಂಪಗೆ, ಶುದ್ಧವಾಗಿ, ಒಂದೊಂದೂ ಆರಿಸಿ ಇಟ್ಟ ಹಾಗಿದೆ. ಅದರ ಮೇಲೆ ಕುತ್ತಿಗೆಯವರೆಗೂ ಬೂದಿ ಬಳಿದ ಹಾಗೆ ಬೆಳ್ಳಗಿದೆ. ಮೂರು ವರ್ಷದ ಮಗು ನೋಡಿದರೂ ಎರಡು ಮಾಲು ಅಂತ ಹೇಳುತ್ತದೆ. ಬೆಂಗಳೂರಿನವರು ಎಲ್ಲ ಒಟ್ಟಿಗೆ ಅರೆದು ಪರೀಕ್ಷೆ ಮಾಡಿದ್ದಾರೆ, ಅವರಿಗೆ ತಿಳಿಯಲಿಲ್ಲ.

ಅಕ್ಕಾ, ನಿನ್ನ ಕಾಲಿಗೆ ಬೀಳುತ್ತೇನೆ. ಫೆಬ್ರವರಿಯಲ್ಲಿ ತಮಾಷೆಗೆ ಬರೆದ ಆ ಕಾಗದವನ್ನು ಒಲೆಗೆ ಹಾಕು. ಕಂಡೆ ಅಂತ ಸುಳ್ಳು ರುಜು ಹಾಕಿದವನಿಗೆ ಜೈಲು. ಜಂಪಣ್ಣನಿಗೂ ಹೇಗೋ ವಾಸನೆ ಬಡಿದಿದೆ. ನಿನ್ನೆ ನನ್ನ ಬಾಗಿಲಿಗೆ ಆಡಿನ ತಲೆ ನೇತುಹಾಕಿ ಹೋಗಿದ್ದರು, ಬಾಯಿ ಹೊಲಿದಿತ್ತು. ರಕ್ತ ನನ್ನ ಬೋರ್ಡಿನ ಮೇಲೆಲ್ಲ ಇಳಿದಿತ್ತು. ಹೆದರಿಕೆ ಆಗುತ್ತಿದೆ. ನಾನು ಕೋರ್ಟಿನಲ್ಲಿ ಸಾಕ್ಷಿ ಮೆತ್ತಗೆ ಹೇಳಿ ಚಾಂದ್‌ಗೆ ಶಿಕ್ಷೆ ಕಮ್ಮಿ ಆಗುವ ಹಾಗೆ ಮಾಡುತ್ತೇನೆ. ಸೀಸೆ ಕೈಜಾರಿ ಒಡೆಯಿತು ಅಂತ ಬರೆದುಬಿಡುತ್ತೇನೆ. ಹೋದ ಜೀವ ಹೋಯಿತು, ನಾನೊಬ್ಬನಾದರೂ ಉಳಿಯುತ್ತೇನೆ. ನಿನಗೆ ಇರುವವನು ನಾನೊಬ್ಬನೇ ತಮ್ಮ.

ನಾಗೇಂದ್ರ

*

ಜಗಳೂರು
13-4-1939

ನಾಗೇಂದ್ರಾ,

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಇದನ್ನು ಸುಗ್ರಾಳಿಂದ ಬರೆಸಲು ಮನಸ್ಸು ಬರಲಿಲ್ಲ.

ಫೆಬ್ರವರಿಯ ಕಾಗದ ಒಲೆಗೆ ಹಾಕಿಲ್ಲ. ತಾಜ್‌ಬೀಯ ಹಾಸಿಗೆಯ ಪಕ್ಕ ಕೂತು ಪೂರ್ತಿ ಓದಿದೆ. ಮೂಗಿಗೆ ವಸ್ತ್ರ ಕಟ್ಟಿಕೊಂಡದ್ದು, ಬೆನ್ನು ತಿರುಗಿಸಿ ನಿಂತದ್ದು, ಎಲ್ಲ. “ಇನ್ನೊಂದ್ ಸಲ ಓದ್ರಿ” ಅಂದಳು. ಓದಿದೆ. ನಾನು ಅದನ್ನು ಓದಿ ನಕ್ಕಿದ್ದೆನಲ್ಲ, ಆ ನಗು ನೆನೆದು ನನ್ನ ಮೈಯೆಲ್ಲ ಉರಿಯಿತು. ಅವಳಿಗೆ ಅದನ್ನೂ ಹೇಳಿದೆ.

ಆ ಕಾಗದ ಈಗ ಚಾಂದ್‌ನ ವಕೀಲ ಓಂಕಾರಪ್ಪನವರ ಹತ್ತಿರ ಇದೆ. ನಿನ್ನ ಮೊನ್ನೆಯ ಕಾಗದ ಕೊಟ್ಟಿಲ್ಲ, ಅದು ನನ್ನಲ್ಲೇ ಇದೆ. ಇಪ್ಪತ್ತನೆಯ ತಾರೀಖು ಚನ್ನಗಿರಿಯಲ್ಲಿ ವಿಚಾರಣೆ. ಸೀಸೆ ಒಡೆದರೆ ಇದೂ ಕೋರ್ಟಿಗೆ ಹೋಗುತ್ತದೆ. ಒಡೆಯದಿದ್ದರೆ ನೀನೇ ತಗೊಂಡು ಬಾ. ದುರುಗಪ್ಪನ ಕೈಯಲ್ಲಿ ಹೊರಿಸಬೇಡ.

ನೀನೊಬ್ಬನೇ ತಮ್ಮ ಅಂತ ಬರೆದಿದ್ದೀಯ. ತಾಜ್‌ಬೀಗೂ ಚಾಂದ್ ಒಬ್ಬನೇ.

ಶಂಕರಮ್ಮ

*

ಚನ್ನಗಿರಿ
22-4-1939

ಅಕ್ಕಾ,

ಸೀಸೆ ತಂದೆ. ಸೈಕಲ್ಲಿನಲ್ಲಿ, ಎದೆಗೆ ಕಟ್ಟಿಕೊಂಡು.

ವಕೀಲರು ನನ್ನ ಕಾಗದ ಓದುವ ಮೊದಲೇ ನಾನು ಹೇಳಿದೆ. ಮ್ಯಾಜಿಸ್ಟ್ರೇಟರ ಮುಂದೆ ಮೊಹರು ಒಡೆದು, ಕಾಗದದ ಮೇಲೆ ಸುರಿದು, ನನ್ನ ಕೈಯಿಂದಲೇ ಬೇರ್ಪಡಿಸಿದೆ. ಕೆಂಪಗಿನವು ಈ ಕಡೆ, ಬೆಳ್ಳಗಿನವು ಆ ಕಡೆ. ವಾಸನೆ ಬಂತು. ಬಂದರೆ ಏನಾಯಿತು, ಏನೂ ಆಗಲಿಲ್ಲ. ಇಷ್ಟು ಮಾಡಲಾಗದೆ ಒಬ್ಬನನ್ನು ಕೊಂದೆನಲ್ಲ ಅಂತ ಅಲ್ಲೇ ಅಳು ಬಂತು. ಬೆಳ್ಳಗಿನವನ್ನು ಬೇರೆ ಸೀಸೆಗೆ ಹಾಕಿ ಮತ್ತೆ ಮೊಹರು ಮಾಡಿಸಿದರು. ಜಂಪಣ್ಣನ ಮಂಡಿ ಶೋಧಿಸಲು ಆಗಲೇ ಪೊಲೀಸರನ್ನು ಓಡಿಸಿದರು. ಚಾಂದ್‌ನನ್ನು ಬಿಟ್ಟರು. ಅವನಿಗೆ ನಡೆಯಲು ಆಗಲಿಲ್ಲ, ಇಬ್ಬರು ಹೊತ್ತುಕೊಂಡು ಹೋದರು.

ಹೊರಗೆ ಮೊಗಸಾಲೆಯಲ್ಲಿ ಗೋವಿನಕೋವಿಯ ಮಲ್ಲೇಶಪ್ಪ ನಿಂತಿದ್ದ. “ತಪ್ಪಿಲ್ಲದೋನ್ನ ನನ್ನ ಕೈಲಿ ಹೊಡೆಸಿದ್ಯಲ್ಲೋ!” ಅಂತ ದೊಣ್ಣೆಯಿಂದ ನನ್ನ ಬಾಯಿಗೆ ಹೊಡೆದ. ಮೂರು ಹಲ್ಲು ಹೋದವು. ನಾನು ಕೈ ಅಡ್ಡ ಹಿಡಿಯಲಿಲ್ಲ. ಪೊಲೀಸರಿಗಿಂತ ಮುಂಚೆ ಅವನ ಜನ ನ್ಯಾಮತಿಗೆ ಹೋಗಿ ಮಂಡಿಗೆ ಬೆಂಕಿ ಇಟ್ಟರಂತೆ. ಜಂಪಣ್ಣ ತಪ್ಪಿಸಿಕೊಂಡು ಪೊಲೀಸರಿಗೇ ಶರಣಾದ. ದಾರಿಯಲ್ಲಿ ಸಿಕ್ಕ ದುರುಗಪ್ಪನಿಗೆ ಕಲ್ಲು ಹೊಡೆದು ಒಂದು ಕಣ್ಣು ಕಿತ್ತಿದ್ದಾರೆ. ಪಾಪ, ಅವನು ನಾನು ಹೇಳಿದ್ದನ್ನು ಮಾಡಿದವನು ಅಷ್ಟೇ. ಈ ಪಾಪವೂ ನನ್ನದೇ.

ನನ್ನನ್ನು ಸಸ್ಪೆಂಡ್ ಮಾಡಿದ್ದಾರೆ. ಸುಳ್ಳು ರುಜುವಿನ ಮೊಕದ್ದಮೆ ಹಾಕುತ್ತಾರೆ, ಒಪ್ಪಿಕೊಳ್ಳುತ್ತೇನೆ. ಈ ಕಾಗದ ಇಲ್ಲಿಯ ಲಾಕಪ್ಪಿನಿಂದ ಬರೆದದ್ದು.

ಒಂದು ಮಾತು ನಾನು ನಿನಗೂ ಹೇಳಿಲ್ಲ, ಕೋರ್ಟಿಗೂ ಹೇಳಿಲ್ಲ. ಅವತ್ತು ಸಂತೆಯಲ್ಲಿ ಜನ ಮುತ್ತಿಕೊಂಡಾಗ ಬುಡನ್‌ಸಾಬ್ ಸೀಸೆ ಹಿಡಿದುಕೊಂಡು ನಾನು ನಿಂತಿದ್ದ ಮರದ ಹತ್ತಿರ ಓಡಿ ಬಂದ. “ನೀವು ಮೇಷ್ಟ್ರಮ್ಮನ ತಮ್ಮ ಅಲ್ವೇನ್ರೀ? ಇದ್ರಾಗೆ ಇರೋದು ನಂದೇ ಮಾಲು ತಾನೇ? ನೀವು ನೋಡೀರಿ ತಾನೇ?” ಅಂತ ಕೇಳಿದ. ಮೀನು ಹಿಡಿದ ಕೈ ನನಗೆ ಎಲ್ಲಿ ತಗಲೀತೋ ಅಂತ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ವಸ್ತ್ರದೊಳಗಿಂದಲೇ “ಹೌದು, ನೋಡೀನಿ, ನಿಂದೇ” ಅಂದೆ.

“ಅಷ್ಟು ಸಾಕು ಬಿಡ್ರೀ” ಅಂತ ನಕ್ಕು, ಜನರ ಕಡೆ ತಿರುಗಿ ಮೊಹರು ಒಡೆದ.

ಇದನ್ನು ತಾಜ್‌ಬೀಗೆ ಓದಿ ಹೇಳು. ಇನ್ನೊಂದು ಸಲ ಓದು ಅಂದರೆ, ಇನ್ನೊಂದು ಸಲ ಓದು.

ನಾಗೇಂದ್ರ